ಆಲ್ಬಮ್ ಅರ್ಥವಾದವನು

ಸಿನಿಮಾ ಹಾಡು ಕೇಳುವವರು ಕೇಳಿ ಸುಮ್ಮನಾಗುತ್ತಾರೆ. ಆಲ್ಬಮ್ ಕೇಳುವವನು ಹಾಗಲ್ಲ. ಕೇಳಿದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಇಂಥವನು ಊರಿಗೊಬ್ಬ ಇದ್ದೇ ಇರುತ್ತಾನೆ. ಗದಗಿನ ಪಕ್ಕದ ಬಿಂಕದಕಟ್ಟಿಯ ಪಾಲಿಗೆ ಬಂದವನು ಹಿಡಿದದ್ದು ಪಿಂಕ್ ಫ್ಲಾಯ್ಡ್ ತಂಡದ 'ಅನಿಮಲ್ಸ್'. 1977ರ ಜನವರಿಯಲ್ಲಿ, ಅಂದರೆ ಇಲ್ಲಿ ತುರ್ತುಪರಿಸ್ಥಿತಿಯ ನಡುವೆಯೇ ಚುನಾವಣೆ ಘೋಷಣೆಯಾದ ತಿಂಗಳಲ್ಲಿ ಬಂದದ್ದು. ಸಮಾಜದಲ್ಲಿ ಇರುವುದು ಕಚ್ಚುವ ನಾಯಿ, ಮೇಯುವ ಹಂದಿ, ತಲೆ ತಗ್ಗಿಸಿದ ಕುರಿ ಎಂಬ ಮೂರೇ ಪಂಗಡ ಎನ್ನುವುದು ಅದರ ವಾದ.

ಮೊದಲ ಸಲ ಅವನಿಗೆ ಕೇಳಿಸಿದ್ದು ಬರೀ ಗದ್ದಲ. 'ಡಾಗ್ಸ್' ಹಾಡೊಂದೇ 17 ನಿಮಿಷ. ಭೀಮಸೇನ ಜೋಶಿಯವರ, ವೀರೇಶ್ವರ ಪುಣ್ಯಾಶ್ರಮದ ಸೀಮೆಯವನಿಗೆ ಹಾಡಿನ ಉದ್ದ ಹೊಸದಲ್ಲ. ಆದರೂ ಅರ್ಧಕ್ಕೇ ಗೊರಕೆ. ಸ್ಪೀಕರಿನ ನಾಯಿಗೆ ಓಣಿಯ ನಾಯಿಗಳು ಉತ್ತರ ಕೊಟ್ಟವು. 'ಶೀಪ್' ಬಂದಾಗ ಅವ್ವ ಎದ್ದು ಕೂತಳು: "ಏ ತಮ್ಮಾ, ಹಿತ್ತಲದಾಗ ಯಾರ ಕುರಿ ಹೊಕ್ಕಾವ ನೋಡೋ!"

ಸಾಹಿತ್ಯ ಹುಡುಕಿ ಓದಿದ ಮೇಲೆ ಜ್ಞಾನೋದಯವಾಯಿತು. ಸಂಬಳ ಏರಿಸದ ಮಾಲೀಕ ನಾಯಿಯಾದ. ಹಂದಿಯ ಹಾಡಿನಲ್ಲಿ, ಬ್ರಿಟನ್ನಿನ ಟೀವಿಯ ಶೀಲ ಕಾಯಲು ಹೊರಟಿದ್ದ ಮೇರಿ ವೈಟ್‌ಹೌಸ್ ಎಂಬಾಕೆಯನ್ನು ಹೆಸರು ಹಿಡಿದೇ ಬೈದಿದ್ದಾರೆ. ಆ ಜಾಗಕ್ಕೆ ಬೆಳಗಾದರೆ ವಾಟ್ಸಾಪಿನಲ್ಲಿ ಸುಭಾಷಿತ ಕಳಿಸುವ ಕಾಕಾನನ್ನು ಕೂರಿಸಿದ. ಉಳಿದ ಊರೆಲ್ಲ ಕುರಿ. "ನೀ ಯಾವುದಲೇ?" ಎಂದ ಗೆಳೆಯರಿಗೆ, "ನಾ ಕೇಳಾಂವ" ಎಂಬ ಉತ್ತರ.

ಊರಿನ ಮೃಗಾಲಯದ ಗೇಟಿನಲ್ಲಿ ನಿಂತು, "ಖರೇ ಪ್ರಾಣಿ ಟಿಕೀಟು ತಗೊಂಡು ಒಳಗ ಹೊಂಟಾವ" ಎಂದೂ ನುಡಿದ. (ಎಲ್ಲ ಮೃಗಾಲಯಗಳ ಮುಂದೆಯೂ ಒಬ್ಬ ಇದನ್ನು ಹೇಳಿರುತ್ತಾನೆ. ಪಾಪ, ಇವನಿಗೆ ಸ್ವಂತದ್ದೆನಿಸಿತ್ತು.)

ಆಮೇಲೆ ಬಿತ್ತು ಪೆಟ್ಟು. 'ಡಾಗ್ಸ್', 'ಶೀಪ್' ಎರಡನ್ನೂ ತಂಡ 1974ರಲ್ಲೇ ಬೇರೆ ಹೆಸರಿನಿಂದ ವೇದಿಕೆಯ ಮೇಲೆ ಹಾಡಿತ್ತಂತೆ. ಪ್ರಾಣಿಗಳು ಹೊಕ್ಕದ್ದು ತಡವಾಗಿ. ಮೊದಲಿನಿಂದ ಕೊನೆಯವರೆಗೆ ಒಂದೇ ಮಹಾನಕ್ಷೆ ಎಂದು ವಾದಿಸಿದ್ದವನು ಕೆಲಕಾಲ ಮೌನ ತಳೆದ. ಓಣಿಗೆ ಹಬ್ಬ.

ಆಲ್ಬಮಿನ ಕುರಿಗಳು ತಿರುಗಿಬಿದ್ದು ನಾಯಿಗಳನ್ನು ಕೊಂದು, ಸೀದಾ ಮನೆಗೆ ಹೋಗುತ್ತವೆ. ಇದನ್ನು ಕ್ರಾಂತಿ ಎಂದಿದ್ದವನು, ಪಂಚಾಯತಿ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು ಮಲಗಿದ ದಿನದಿಂದ, "ಮನೀಗೆ ಹೋದರ ತಪ್ಪೇನೈತಿ?" ಅನ್ನತೊಡಗಿದ.

ಆಲ್ಬಮಿನ ಆದಿಗೂ ಅಂತ್ಯಕ್ಕೂ ಒಂದೂವರೆ ನಿಮಿಷದಷ್ಟೇ ಉದ್ದದ ಎರಡು ತುಣುಕುಗಳಿವೆ; ತಂಡದ ರೋಜರ್ ವಾಟರ್ಸ್ ಗಿಟಾರ್ ಹಿಡಿದು ಮೆತ್ತಗೆ ಹಾಡಿದ ಪ್ರೀತಿಯ ಮಾತು. ಇಷ್ಟು ದಿನ ಜಾಹೀರಾತಿನಂತೆ ಅವನ್ನು ಹಾರಿಸುತ್ತಿದ್ದವನಿಗೆ, ಲಗ್ನ ಗೊತ್ತಾದದ್ದೇ ತಡ, ಸಾರವೆಲ್ಲ ಅಲ್ಲೇ ಕಂಡಿತು. ಮುಂಡರಗಿಯ ಹುಡುಗಿಗೆ ಇಡೀ ಆಲ್ಬಮ್ ಕಳಿಸಿದ. ಆಕೆ 41 ನಿಮಿಷವನ್ನೂ ಪೂರ್ತಿ ಕೇಳಿ ಫೋನು ಮಾಡಿದಳು:

"ಮೊದಲಿಂದು, ಕಡೀದು ಭಾಳ ಛಲೋ ಅದಾವ್ರಿ. ನಡುವಿನ ನಾಯಿ, ಹಂದಿ, ಕುರಿ ಲಗ್ನಕ್ಕ ಬರೋ ನಿಮ್ಮ ಕಡೆ ಬೀಗರೇನ್ರೀ?"