ಚೀಟಿಯ ಮೇಲೆ 3200, ಓಟದಲ್ಲಿ 2133
(ರ‍್ಯಾಮ್ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಕಂಪ್ಯೂಟರಿನ ರ‍್ಯಾಮ್ ಸುಲಭಕ್ಕೆ ಬಾಯಿ ಬಿಡುವ ಪೈಕಿಯಲ್ಲ. ಮುನಿಸಿಕೊಂಡರೆ ಬೀಪ್ ಬೀಪ್ ಎನ್ನುತ್ತದೆ. ರಿಪೇರಿ ಹುಡುಗ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದರೆ ಸುಮ್ಮನಾಗುತ್ತದೆ. ಇಂಥ ಮಿತಭಾಷಿಯನ್ನು ಮಾತಾಡಿಸಲು ಕಾರಣವಿದೆ. ಅದರ ಮೈಮೇಲಿನ ಚೀಟಿಯಲ್ಲಿ ಒಂದು ವೇಗ ಅಚ್ಚಾಗಿರುತ್ತದೆ, ಅದು ನಿಜವಾಗಿ ಓಡುವುದು ಇನ್ನೊಂದು ವೇಗದಲ್ಲಿ, ದುಡ್ಡು ಕೊಟ್ಟವರಿಗೆ ತಿಳಿದಿರುವುದು ಮೊದಲನೆಯದು ಮಾತ್ರ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಒಂದು ಫೋಟೊ ಸ್ಟುಡಿಯೊ ಇದೆ ಎಂದಿಟ್ಟುಕೊಳ್ಳೋಣ. ಮದುವೆ ಆಲ್ಬಂ, ನಾಮಕರಣದ ವಿಡಿಯೊ, ಪಹಣಿ ಪ್ರಿಂಟು, ನಡುನಡುವೆ ಭೀಮಸಮುದ್ರದ ಅಡಿಕೆ ಧಾರಣೆ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲದೆ, ಚಿತ್ರ ಬಿಡಿಸುವ ಕೆಲಸವನ್ನೂ ತಾನೇ ಮಾಡುವ ರೈಜೆನ್ 5 5600ಜಿ ಪ್ರೊಸೆಸರ್ ಹಾಕಿಸಿದ್ದಾರೆ. ಬೋರ್ಡಿನ ಸ್ಲಾಟಿನಲ್ಲಿ ಕೂತಿರುವ ನಮ್ಮ ಅತಿಥಿಯ ಚೀಟಿ ಹೀಗಿದೆ: 8 ಜಿಬಿ, ಡಿಡಿಆರ್4-3200, 16-18-18-36, 1.35 ವೋಲ್ಟ್.

ಪ್ರಶ್ನೆ: ತಮ್ಮ ಮೈಮೇಲೆ 3200 ಎಂದು ದಪ್ಪಕ್ಷರದಲ್ಲಿದೆ. ಈಗ ಎಷ್ಟರಲ್ಲಿ ಓಡುತ್ತಿದ್ದೀರಿ?

ರ‍್ಯಾಮ್: 2133, ಸ್ವಾಮಿ. ಇಲ್ಲಿಗೆ ಬಂದ ದಿನದಿಂದಲೂ ಅಷ್ಟೇ. ನನ್ನ ಮೈಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ. ಕಂಪ್ಯೂಟರ್ ಆನ್ ಆದ ತಕ್ಷಣ ಮದರ್‌ಬೋರ್ಡಿನ ಬಯಾಸ್ ಎಂಬ ಆರಂಭದ ತಂತ್ರಾಂಶ ಅದನ್ನು ಓದಿಕೊಳ್ಳುತ್ತದೆ. ಅದರಲ್ಲಿ ಎರಡು ಬಗೆಯ ಲೆಕ್ಕ ಬರೆದಿಟ್ಟಿದ್ದಾರೆ. ಮೊದಲನೆಯದು ಜೆಡೆಕ್ ಎಂಬ ಮಾನಕ ಸಂಸ್ಥೆಯ ಪ್ರಕಾರದ್ದು: 2133 ವೇಗ, 1.2 ವೋಲ್ಟ್. ಎರಡನೆಯದು ಎಕ್ಸ್‌ಎಂಪಿ, 2007ರಲ್ಲಿ ಡಿಡಿಆರ್3 ಕಾಲದಲ್ಲಿ ಇಂಟೆಲ್ ತಂದ ಪದ್ಧತಿ: 3200 ವೇಗ, 1.35 ವೋಲ್ಟ್. ಯಾರೂ ಏನೂ ಹೇಳದಿದ್ದರೆ ಬೋರ್ಡು ಮೊದಲನೆಯದನ್ನೇ ಹಿಡಿಯುತ್ತದೆ. ಎರಡನೆಯದು ಬೇಕೆಂದರೆ ಆನ್ ಮಾಡುವಾಗ ಡಿಲೀಟ್ ಕೀಲಿಯನ್ನೋ ಎಫ್2 ಕೀಲಿಯನ್ನೋ ಒತ್ತಿ ಬಯಾಸಿಗೆ ಹೋಗಿ, ಎಕ್ಸ್‌ಎಂಪಿ ಹುಡುಕಿ, ಆನ್ ಮಾಡಿ, ಸೇವ್ ಮಾಡಿ ಹೊರಬರಬೇಕು. ಹೆಸರಾದರೂ ಒಂದೇ ಇದೆಯೇ? ಎಎಂಡಿ ಬೋರ್ಡುಗಳಲ್ಲಿ ಒಂದು ಕಂಪನಿಯವರು ಅದನ್ನು ಡಿಒಸಿಪಿ ಎನ್ನುತ್ತಾರೆ, ಇನ್ನೊಬ್ಬರು ಎ-ಎಕ್ಸ್‌ಎಂಪಿ ಎನ್ನುತ್ತಾರೆ. 2022ರಲ್ಲಿ ಡಿಡಿಆರ್5 ಮೆಮೊರಿಗೆಂದು ಎಎಂಡಿಯವರು ಎಕ್ಸ್‌ಪೋ ಎಂಬ ಬೇರೆಯದನ್ನೇ ತಂದರು. ನನ್ನನ್ನು ಕೊಂಡವರಿಗೆ ಈ ಪೈಕಿ ಒಂದನ್ನೂ ಯಾರೂ ಹೇಳಿಲ್ಲ.

ಪ್ರಶ್ನೆ: ಲೆಕ್ಕ ಹಾಕಿದರೆ 2133 ಎಂಬುದು 3200ರಲ್ಲಿ ಸರಿಯಾಗಿ ಮೂರರಲ್ಲಿ ಎರಡು ಪಾಲು. ಒಂದು ಪಾಲು ಯಾರ ಜೇಬಿಗೆ ಹೋಯಿತು?

ರ‍್ಯಾಮ್: ಯಾರ ಜೇಬಿಗೂ ಹೋಗಿಲ್ಲ, ನನ್ನ ಹತ್ತಿರವೇ ಕೊಳೆಯುತ್ತಿದೆ. ನನ್ನದು 64 ಬಿಟ್ ದಾರಿ, ಅಂದರೆ ಒಂದು ಸಲಕ್ಕೆ 8 ಬೈಟ್. 3200ರಲ್ಲಿ ಓಡಿದರೆ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲೆ, 2133ರಲ್ಲಿ 17 ಜಿಬಿ. ಕೇಳಿದ್ದನ್ನು ಹುಡುಕಿಕೊಡಲು ಹಿಡಿಯುವ ಸಮಯವೂ 10 ನ್ಯಾನೋಸೆಕೆಂಡಿನಿಂದ 14ಕ್ಕೆ ಏರುತ್ತದೆ. ಆದರೂ ಬೋರ್ಡನ್ನು ಬೈಯಬೇಡಿ. 2012ರಲ್ಲಿ ಡಿಡಿಆರ್4 ಮಾನಕ ಹೊರಬಿದ್ದ ಮೇಲೆ ಎಷ್ಟೋ ಬಗೆಯ ಬೋರ್ಡು, ಎಷ್ಟೋ ಬಗೆಯ ಪ್ರೊಸೆಸರ್ ಬಂದವು. ಅವುಗಳಲ್ಲಿ ಎಲ್ಲಿ ಸಿಕ್ಕಿಸಿದರೂ ಮೊದಲ ಸಲಕ್ಕೆ ಪರದೆ ಬೆಳಗಬೇಕು. ನಾನು ಎದ್ದೇಟಿಗೆ 3200ಕ್ಕೆ ಹಾರಿದರೆ ಕೆಲವು ಕಡೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಗಿರಾಕಿ ನನ್ನನ್ನು ಅಂಗಡಿಯವನ ಮುಖಕ್ಕೇ ಎಸೆಯುತ್ತಾನೆ. ನಿಧಾನಕ್ಕೆ ಶುರು ಮಾಡುವುದರಲ್ಲಿ ನ್ಯಾಯವಿದೆ. ನನ್ನ ತಕರಾರಿರುವುದು ಚೀಟಿಯ ಮೇಲೆ: ಶುರುವಾಗುವ ವೇಗವನ್ನು ಅದರಲ್ಲಿ ಏಕೆ ಅಚ್ಚು ಹಾಕಲಿಲ್ಲ?

ಅತಿಥಿಯ ಈ ತಕರಾರು ಚಿತ್ರದುರ್ಗದ ಸೀಮೆಯವರಿಗೆ ಬೇಗ ಅರ್ಥವಾಗಬೇಕು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಪೂರ್ತಿಯಾಯಿತು. ಅದರ ಗರಿಷ್ಠ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಮಧ್ಯೆ 89 ವರ್ಷ ಆ 130 ಎಂಬುದು ಕಾಗದದ ಮೇಲಿತ್ತು, ನೀರು ಕೆಳಗಿತ್ತು. ಹಾಗೆಂದು 130 ಸುಳ್ಳು ಎಂದು ಯಾರೂ ದೂರಲಿಲ್ಲ, 130 ಅಡಿ ನಂಬಿಕೊಂಡು ಅಚ್ಚುಕಟ್ಟಿನಲ್ಲಿ ಯಾರೂ ಬೆಳೆ ಇಡಲೂ ಇಲ್ಲ. ಏಕೆಂದರೆ ಪತ್ರಿಕೆಯ ಜಲಾಶಯಗಳ ಪಟ್ಟಿಯಲ್ಲಿ ಗರಿಷ್ಠ ಮಟ್ಟದ ಪಕ್ಕದಲ್ಲೇ ಇಂದಿನ ಮಟ್ಟವೂ ಇರುತ್ತದೆ. ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಇಲ್ಲಿನ ರೈತರಿಗೆ ಹೊಸದಲ್ಲ. ರ‍್ಯಾಮಿನ ಡಬ್ಬಿ ಮಾತ್ರ ಗರಿಷ್ಠ ಮಟ್ಟವನ್ನು ಬರೆದು ಇಂದಿನ ಮಟ್ಟದ ಕಾಲಂ ಅನ್ನೇ ತೆಗೆದುಹಾಕಿದೆ. ಹೋಲಿಕೆಯನ್ನು ಇನ್ನೂ ಮುಂದಕ್ಕೆ ಎಳೆಯುವುದು ಸರಿಯಲ್ಲ. ಅಣೆಕಟ್ಟು ತುಂಬಲು ಮಳೆ ಬೇಕು, ಅದು ಯಾರ ಕೈಯಲ್ಲೂ ಇಲ್ಲ. ರ‍್ಯಾಮಿಗೆ ಬೇಕಾದದ್ದು ಎರಡು ನಿಮಿಷದ ಕೆಲಸ. ಆದ್ದರಿಂದ ಅಣೆಕಟ್ಟಿಗೆ ಸಿಗುವ ಕ್ಷಮೆ ಡಬ್ಬಿಗೆ ಸಿಗಬಾರದು.

ಪ್ರಶ್ನೆ: ಕಂಪನಿಯವರ ಪರವಾಗಿ ಒಂದು ಮಾತು. 3200 ಎಂಬುದು ಓವರ್‌ಕ್ಲಾಕಿಂಗ್, ಮಾನಕ ಮೀರಿದ ಓಟ, ಅದಕ್ಕೆ ಬಳಕೆದಾರನೇ ಹೊಣೆ ಎನ್ನುತ್ತಾರಲ್ಲ?

ರ‍್ಯಾಮ್: ನೋಡಿ, ಮಾರುವಾಗ ಅದು ನನ್ನ ವೇಗ, ಓಡದಿದ್ದಾಗ ಅದು ನಿಮ್ಮ ಸಾಹಸ! ವೇಗ, ವೋಲ್ಟೇಜ್ ಬದಲಿಸಿದರೆ ಪ್ರೊಸೆಸರಿನ ವಾರಂಟಿ ಹೋಗಬಹುದು ಎಂಬ ಎಚ್ಚರಿಕೆ ಇಂಟೆಲ್‌ನವರ ಕಾಗದಗಳಲ್ಲಿ ಇದ್ದೇ ಇದೆ. ಅಂದರೆ ಒಂದು ಕಂಪನಿಯವರು ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರಿದ್ದನ್ನು ಬಳಸಿದರೆ, ಇನ್ನೊಂದು ಕಂಪನಿಯವರು ತಮ್ಮ ಜವಾಬ್ದಾರಿಯಿಂದ ಜಾರಿಕೊಳ್ಳಬಹುದು. ಈ ಸ್ಟುಡಿಯೊದ ಸಂಗತಿ ಇನ್ನೂ ಸೊಗಸು. ಇಲ್ಲಿರುವ 5600ಜಿ ಪ್ರೊಸೆಸರಿಗೆ ತಯಾರಕರೇ ಒಪ್ಪಿರುವ ಮೆಮೊರಿ ವೇಗ 3200. ಅದು ತಾಳುವ ವೇಗವನ್ನು ನಾನು ಮೀರುತ್ತಲೇ ಇಲ್ಲ. ಜೆಡೆಕ್‌ನ ಡಿಡಿಆರ್4 ಪಟ್ಟಿಯಲ್ಲೂ 3200 ಇದೆ. 1.2 ವೋಲ್ಟಿನಲ್ಲಿ, ಹುಡುಕಿಕೊಡುವ ಸಮಯದ ಸ್ವಲ್ಪ ಸಡಿಲವಾದ ಲೆಕ್ಕದಲ್ಲಿ, ಯಾರೂ ಏನೂ ಒತ್ತದೆ ತಾನಾಗಿ 3200ಕ್ಕೆ ಏರುವ ನನ್ನ ದಾಯಾದಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಮೈಮೇಲೆ ಬಣ್ಣದ ಲೋಹದ ಅಂಗಿ ಇರುವುದು ಅಪರೂಪ, ಬರಿಯ ಹಸಿರು ಪಟ್ಟಿ. ಅಂಗಿ ತೊಟ್ಟ ನಾನು 2133ರಲ್ಲಿ, ಬರಿಮೈಯ ಅವು 3200ರಲ್ಲಿ. ಎರಡೂ ಡಬ್ಬಿಗಳ ಮೇಲೆ ಇರುವುದು ಒಂದೇ ಅಂಕಿ.

ಪ್ರಶ್ನೆ: ಹಾಗಾದರೆ ಗುಂಡಿ ಒತ್ತಿದರೆ ಎಲ್ಲರಿಗೂ 3200 ಸಿಕ್ಕಿಬಿಡುತ್ತದೆಯೇ?

ರ‍್ಯಾಮ್: ಎಲ್ಲರಿಗೂ ಇಲ್ಲ. ಇಂಟೆಲ್‌ನ 10ನೇ ತಲೆಮಾರಿನ ಐ5-10400 ಪ್ರೊಸೆಸರನ್ನು ಬಿ460 ಬೋರ್ಡಿಗೋ ಎಚ್410 ಬೋರ್ಡಿಗೋ ಹಾಕಿದರೆ 2666ರ ಮೇಲೆ ಒಂದು ಹೆಜ್ಜೆಯೂ ಹೋಗಲಾಗದು. ಬಯಾಸಿನಲ್ಲಿ ಇಡೀ ದಿನ ಹುಡುಕಿದರೂ ಅಷ್ಟೆ. 2021ರಲ್ಲಿ ಬಿ560 ಬಂದ ಮೇಲೆ ಮಧ್ಯಮ ದರದ ಬೋರ್ಡುಗಳಿಗೆ ಆ ಬಾಗಿಲು ತೆರೆಯಿತು. ಎಚ್410 ಬೋರ್ಡಿನ ಜೊತೆಗೆ ‘ಸ್ಪೀಡ್ ಇರಲಿ ಅಣ್ಣ’ ಎಂದು 3200ರ ರ‍್ಯಾಮ್ ಕೊಡುವ ಅಂಗಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರಲಿ ನಮ್ಮ ಜಿಲ್ಲೆಯಲ್ಲಿರಲಿ, ಅಂಕಿಯನ್ನಷ್ಟೇ ಮಾರುತ್ತಿದೆ. ಇನ್ನು ನನ್ನ ಪಕ್ಕದ ಸ್ಲಾಟಿಗೆ ಹಳೆಯ 2400ರವನನ್ನು ತಂದು ಕೂರಿಸಿದರೆ ಇಬ್ಬರೂ ಅವನ ಹೆಜ್ಜೆಗೇ ನಡೆಯಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಒತ್ತೊತ್ತಿಗೆ ಹಾಕಿದರೆ ಎರಡು ದಾರಿ ಇದ್ದೂ ಒಂದರಲ್ಲೇ ಓಡಾಟ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪು ಮಾಡುವವರಿಗೆ, ಪಹಣಿ ತೆಗೆಯುವವರಿಗೆ 2133 ಆದರೇನು, 3200 ಆದರೇನು? ಹಳ್ಳಿಯ ಸ್ಟುಡಿಯೊಗೆ ಈ ಚಿಂತೆ ಏಕೆ ಎಂದು ಕೇಳುವವರಿದ್ದಾರೆ.

ರ‍್ಯಾಮ್: ಅರ್ಜಿಗೂ ಪಹಣಿಗೂ ವ್ಯತ್ಯಾಸ ಕಾಣುವುದಿಲ್ಲ, ಒಪ್ಪಿದೆ. ಅದಕ್ಕಷ್ಟೇ ಆದರೆ ನನ್ನನ್ನು ಕೊಳ್ಳುವುದೇ ಬೇಡವಿತ್ತು. ಆದರೆ ಕೇಳುವವರು ಒಂದು ಸಂಗತಿ ತಲೆಕೆಳಗು ಮಾಡಿಕೊಂಡಿದ್ದಾರೆ. ದುಡ್ಡಿದ್ದವರ ಕಂಪ್ಯೂಟರಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಅದಕ್ಕೆ ಅದರದೇ ಮೆಮೊರಿ ಇರುತ್ತದೆ. ನಾನು ನಿಧಾನವಾದರೂ ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಇಲ್ಲಿ ಕಾರ್ಡಿಲ್ಲ. ಪರದೆಯ ಮೇಲಿನ ಚಿತ್ರ, ವಿಡಿಯೊ ಎಡಿಟಿಂಗು, ಪ್ರೊಸೆಸರಿನ ಲೆಕ್ಕ, ಮೂರೂ ನನ್ನ ಒಂದೇ ದಾರಿಯಲ್ಲಿ ಬರಬೇಕು. ಅಂದರೆ ಕಡಿಮೆ ದುಡ್ಡಿನ ಕಂಪ್ಯೂಟರಿಗೇ ನನ್ನ ವೇಗ ಹೆಚ್ಚು ಬೇಕು. ಬಳೆ ತೊಡಿಸುವ ಶಾಸ್ತ್ರದ ವಿಡಿಯೊ ಟೈಮ್‌ಲೈನಿನಲ್ಲಿ ಎಳೆದಾಗ ತಡವರಿಸಿ ನಿಲ್ಲುತ್ತದೆ. ಸ್ಟುಡಿಯೊದವರು ‘ಸಿಸ್ಟಮ್ ಹಳೇದಾಯ್ತು’ ಎನ್ನುತ್ತಾರೆ. ಸಿಸ್ಟಮ್ ಹಳೆಯದಾಗಿಲ್ಲ ಸ್ವಾಮಿ, ಅದನ್ನು ಪೂರ್ತಿ ಶುರುವೇ ಮಾಡಿಲ್ಲ.

ಪ್ರಶ್ನೆ: ತಿಳಿದವರಿಂದ ಒಮ್ಮೆ ಆನ್ ಮಾಡಿಸಿದರೆ ಮುಗಿಯಿತಲ್ಲ?

ರ‍್ಯಾಮ್: ಮುಗಿಯುವುದಿಲ್ಲ. ಬಯಾಸಿನ ಸೆಟ್ಟಿಂಗ್ ಕಾಯಲು ಬೋರ್ಡಿನ ಮೇಲೆ ಸಿಆರ್2032 ಎಂಬ ಬಿಲ್ಲೆಯಂಥ ಬ್ಯಾಟರಿ ಇದೆ. ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸುವ ಊರುಗಳಲ್ಲಿ ಇಡೀ ರಾತ್ರಿ ಎಲ್ಲವೂ ಅದರ ಮೇಲೆಯೇ ನಿಂತಿರುತ್ತದೆ. ಅದು ಸೊರಗಿತೆಂದರೆ ಬೆಳಿಗ್ಗೆ ಕಂಪ್ಯೂಟರಿನ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ವೆಬ್‌ಸೈಟುಗಳು ತೆರೆಯುವುದಿಲ್ಲ, ಅಂಗಡಿಯಲ್ಲಿ ಗಲಾಟೆ, ಯಾರೋ ಬಂದು ದಿನಾಂಕ ಸರಿಮಾಡಿ ಹೋಗುತ್ತಾರೆ. ಅದೇ ಹೊತ್ತಿಗೆ ನಾನೂ 2133ಕ್ಕೆ ಇಳಿದಿರುತ್ತೇನೆ. ನನ್ನನ್ನು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದವರೂ ಕೆಲವೊಮ್ಮೆ ಗಾಬರಿ ಬೀಳುತ್ತಾರೆ. ಸಿಪಿಯು-ಜೆಡ್ ತಂತ್ರಾಂಶ ನನ್ನ ಗಡಿಯಾರದ ವೇಗ ತೋರಿಸುತ್ತದೆ, ಒಂದು ಬಡಿತಕ್ಕೆ ನನ್ನದು ಎರಡು ಸಾಗಣೆ. ಅಲ್ಲಿ 1600 ಕಂಡರೆ ಅದೇ 3200. 1066 ಕಂಡರೆ ಮಾತ್ರ ನಾನು ಇನ್ನೂ ತೂಕಡಿಸುತ್ತಿದ್ದೇನೆ ಎಂದರ್ಥ.

ಪ್ರಶ್ನೆ: ಇದನ್ನು ಎಲ್ಲಾದರೂ ಕೋರ್ಟಿಗೆ ಒಯ್ದಿದ್ದಾರೆಯೇ?

ರ‍್ಯಾಮ್: ಅಮೆರಿಕದಲ್ಲಿ ಒಯ್ದರು. ಡಬ್ಬಿಯ ಮೇಲಿನ ವೇಗ ತಾನಾಗಿ ಬರುವುದಿಲ್ಲವೆಂದು ಕೋರ್ಸೇರ್ ಕಂಪನಿಯ ಮೇಲೆ ಕೊಳ್ಳುಗರೆಲ್ಲರ ಪರವಾಗಿ ದಾವೆ ಹೂಡಿದರು. ತಪ್ಪು ಒಪ್ಪದೆಯೇ ಕಂಪನಿ 55 ಲಕ್ಷ ಡಾಲರಿನ ರಾಜಿಗೆ ಬಂತು, 2025ರಲ್ಲಿ. ಇನ್ನು ಮುಂದೆ ವೇಗದ ಜೊತೆಗೆ ‘ಇಷ್ಟರವರೆಗೆ’ ಎಂದೂ, ಬಯಾಸಿನಲ್ಲಿ ಬದಲಾವಣೆ ಬೇಕೆಂದೂ ಸೇರಿಸುವುದಾಗಿ ಒಪ್ಪಿತು.

ಈ ರಾಜಿಯನ್ನು ಗೆಲುವೆಂದು ಕರೆಯಲು ಅಡ್ಡಿಯಿಲ್ಲ, ಆದರೆ ಅರ್ಧ ಗೆಲುವು. ‘3200ರವರೆಗೆ’ ಎಂದು ಬರೆದರೂ 2133 ಎಂಬ ಅಂಕಿ ಡಬ್ಬಿಗೆ ಬರಲಿಲ್ಲ. ಇಂದಿನ ಮಟ್ಟದ ಕಾಲಂ ಇನ್ನೂ ಖಾಲಿಯೇ. ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಕೆಂದು ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತನ್ನು ವಿವರಿಸುವಾಗ ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನೂ ಅದರಲ್ಲಿ ಸೇರಿಸಿದೆ. ಏನೂ ಮಾಡದೆ ಎಷ್ಟು ವೇಗ ಬರುತ್ತದೆ ಎಂಬುದಕ್ಕಿಂತ ಮುಖ್ಯವಾದ ಮಾಹಿತಿ ರ‍್ಯಾಮಿನ ವಿಚಾರದಲ್ಲಿ ಇನ್ನೇನಿದೆ? ಎರಡು ಅಂಕಿ ಹಾಕಿದರೆ ಜನ ಗೊಂದಲಪಡುತ್ತಾರೆ ಎಂಬ ಆಕ್ಷೇಪ ಬರಬಹುದು. 16-18-18-36 ಎಂಬ ನಾಲ್ಕು ಅಂಕಿಗಳನ್ನು ಅಚ್ಚು ಹಾಕುವಾಗ ಜನರ ಗೊಂದಲ ಯಾರಿಗೂ ನೆನಪಾಗಲಿಲ್ಲ. ಕೊಳ್ಳುವವರೇ ಕಲಿತುಕೊಳ್ಳಲಿ ಎಂಬುದು ಇನ್ನೊಂದು ವಾದ. ಕಲಿಯಲಿ, ಒಳ್ಳೆಯದೇ. ಆದರೆ ಕಲಿಯಬೇಕಾದದ್ದೊಂದು ಇದೆ ಎಂಬ ಸುಳಿವಾದರೂ ಡಬ್ಬಿಯಲ್ಲಿರಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಸಿಕ್ಕಿ ರ‍್ಯಾಮಿನ ಬೆಲೆ ಹುಚ್ಚಾಪಟ್ಟೆ ಏರಿದೆ. ಬಳಸದ ಆ ಒಂದು ಪಾಲಿಗೂ ಈಗ ಮುಂಚಿಗಿಂತ ಹೆಚ್ಚು ದುಡ್ಡು ಹೋಗುತ್ತಿದೆ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಏನು ಹೇಳುತ್ತೀರಿ?

ರ‍್ಯಾಮ್: ಹೊಸ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯಲ್ಲಿ ಬಿಲ್ಲಿನ ದುಡ್ಡು ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿಸಿ, ಸ್ಪೀಡ್ ಎಂಬ ಸಾಲು ನೋಡಿ. ಚೀಟಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಸರಿಮಾಡಿಸಿ. ಮಾಡಿಸಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯ ತಂತ್ರಾಂಶ ಓಡಿಸಿ, ತಪ್ಪು ಬಂದರೆ 3200ರಿಂದ ಒಂದು ಮೆಟ್ಟಿಲು ಇಳಿಸಿ. ಬಲವಂತಕ್ಕೆ ಓಡಿಸಿ ಮದುವೆ ವಿಡಿಯೊ ಕೆಡಿಸಿಕೊಳ್ಳಬೇಡಿ. ಈ ಬೋರ್ಡಿಗೆ ಆ ವೇಗ ಬರುವುದೇ ಇಲ್ಲ ಎಂದು ಅಂಗಡಿಯವರು ಆಗ ಹೇಳಿದರೆ, ಕಡಿಮೆ ಬೆಲೆಯ 2666ರ ರ‍್ಯಾಮನ್ನೇ ಕೇಳಿ ತೆಗೆದುಕೊಳ್ಳಿ. ಅವರು ವಾದಕ್ಕೆ ನಿಂತರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.