ಆಯ್ಕೆಯಾಗದ ಕವಳೆ ಗಿಡಕ್ಕೆ ಒಂದು ಬಹಿರಂಗ ಪತ್ರ

ಗೆ,
ಶ್ರೀ ಕವಳೆ ಗಿಡದವರು (ಉರುಫ್ ಕವಳಿ, ಉರುಫ್ ಕರಂಡೆ),
ಬೇಲಿಯ ಸಾಲು, ಕುರುಚಲು ಗುಡ್ಡ.

ಮಾನ್ಯರೇ,

ವಿಷಯ: ನಮ್ಮ ವಸತಿ ಸಮುಚ್ಚಯದ ಕೈತೋಟದಲ್ಲಿ ಖಾಲಿ ಇದ್ದ ಹಣ್ಣಿನ ಗಿಡದ ಹುದ್ದೆಗೆ ತಮ್ಮನ್ನು ಪರಿಗಣಿಸದಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಬೆಂಗಳೂರಿನ ನಮ್ಮ ಸಮುಚ್ಚಯದ ಉದ್ಯಾನ ಸಮಿತಿಯು ಸದರಿ ಹುದ್ದೆಗೆ ಬ್ಲೂಬೆರಿಯವರನ್ನು ಬಹುಮತದಿಂದ ಆಯ್ಕೆ ಮಾಡಿದೆ. ತಾವು ಅರ್ಜಿಯನ್ನೇ ಹಾಕಿರಲಿಲ್ಲ, ನಿಜ. ಆದರೆ ಸಭೆಯಲ್ಲಿ ಬಿ ಬ್ಲಾಕಿನ ಧಾರವಾಡದ ಅಜ್ಜಿ ಎದ್ದು ನಿಂತು, “ಹಿಂದಿನ ಗ್ವಾಡಿಗುಂಟ ನಾಕು ಕವಳಿ ಗಿಡಾ ಹಚ್ಚರಪಾ, ಉಪ್ಪಿನಕಾಯಿಗರೆ ಆಗ್ತಾವ” ಅಂದುಬಿಟ್ಟರು. ಹೆಸರು ನಡಾವಳಿಯಲ್ಲಿ ದಾಖಲಾದ ಮೇಲೆ ಕೈಬಿಟ್ಟದ್ದಕ್ಕೆ ಕಾರಣವೂ ದಾಖಲಾಗಬೇಕಷ್ಟೆ. ಮುಚ್ಚುಮರೆ ಬೇಡವೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಮೊದಲನೆಯದು ಮಣ್ಣಿನ ವಿಚಾರ. ಬ್ಲೂಬೆರಿಯವರಿಗೆ ಹುಳಿ ಮಣ್ಣೇ ಆಗಬೇಕು, ಪಿಎಚ್ 4.5ರಿಂದ 5.5ರೊಳಗೆ. ಅದು ಏರಿತೋ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅವರ ಬೇರಿಗೆ ದಕ್ಕುವುದಿಲ್ಲ. ಎಲೆಯೆಲ್ಲ ಹಳದಿಗೆ ತಿರುಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ನಮ್ಮ ಕೊಳವೆಬಾವಿಯ ನೀರೋ, ಬಕೆಟ್ಟಿನ ಒಳಗೆಲ್ಲ ಬೆಳ್ಳಗೆ ಪೊರೆ ಕಟ್ಟುವಂಥದ್ದು. ಅದನ್ನೇ ಹೊಯ್ಯುತ್ತ ಬಂದರೆ ಹುಳಿ ಮಣ್ಣು ಹುಳಿಯಾಗಿ ಉಳಿಯುವುದಿಲ್ಲ. ಆದಕಾರಣ ದೊಡ್ಡ ಕುಂಡ, ಕೋಕೋಪೀಟ್, ಪೈನ್ ಮರದ ತೊಗಟೆ, ಗಂಧಕದ ಪುಡಿ ಎಲ್ಲ ತರಿಸಲಾಗಿದೆ. ಮಳೆನೀರಿನ ಡ್ರಮ್ಮು ಅವರಿಗೇ ಮೀಸಲು. ಮಳೆ ಕೈಕೊಟ್ಟಾಗ ನೀರಿಗೆ ಚಿಟಿಕೆ ನಿಂಬೆ ಉಪ್ಪು ಕದಡಿ, ಬಣ್ಣ ಬದಲಾಯಿಸುವ ಪಟ್ಟಿ ಅದ್ದಿ ನೋಡಿ, ಆಮೇಲೆ ಹನಿಸುವುದಕ್ಕೆ ನಿವೃತ್ತ ಎಂಜಿನಿಯರೊಬ್ಬರು ಸ್ವಯಂಪ್ರೇರಿತರಾಗಿ ಮುಂದೆ ಬಂದಿದ್ದಾರೆ. ಅವರ ಮನೆಯವರು ಸಮಿತಿಗೆ ಕೃತಜ್ಞತೆ ಸಲ್ಲಿಸಿದ್ದಾರೆ.

ತಮ್ಮ ವಿಷಯಕ್ಕೆ ಬಂದರೆ, ಹುಳಿ ಮಣ್ಣೂ ಸರಿ, ಚೌಳು ಮಣ್ಣೂ ಸರಿ, ಜಂಬಿಟ್ಟಿಗೆಯ ಬಿರುಕೂ ಸರಿ. ಒಮ್ಮೆ ಬೇರೂರಿದ ಮೇಲೆ ನೀರು ಕೇಳಿದ ದಾಖಲೆ ಎಲ್ಲೂ ಇಲ್ಲ. ಇಂಥವರನ್ನು ತಂದಿಟ್ಟುಕೊಂಡರೆ ಸಮಿತಿಗೆ ಉಳಿಯುವ ಕೆಲಸವೇನು? ವಾಟ್ಸಾಪ್ ಗುಂಪಿನಲ್ಲಿ ನಾವು ಚರ್ಚಿಸುವುದೇನನ್ನು?

ಎರಡನೆಯದು ಚಳಿ. ಬ್ಲೂಬೆರಿಯ ಜಾತಿ ಚಳಿಗಾಲದಲ್ಲಿ 7.2 ಡಿಗ್ರಿಗಿಂತ ಕೆಳಗೆ ಇಂತಿಷ್ಟು ಗಂಟೆ ಕಳೆದರೇನೇ ಸರಿಯಾಗಿ ಮೊಗ್ಗೊಡೆಯುತ್ತದೆ. ಅಮೆರಿಕದ ಉತ್ತರ ಭಾಗದ ತಳಿಗಳಿಗೆ ಇದು 800ರಿಂದ 1,000 ಗಂಟೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಎಂದರೆ ಆ ಲೆಕ್ಕದ ಒಂದೇ ಒಂದು ಗಂಟೆಯನ್ನೂ ಈ ಊರು ಇದುವರೆಗೆ ಸಂಪಾದಿಸಿಲ್ಲ. ಸಮಿತಿ ಇದರಿಂದ ಧೃತಿಗೆಡಲಿಲ್ಲ. ಕಡಿಮೆ ಚಳಿಗೆ ಒಗ್ಗುವ ಮಿಸ್ಟಿ, ಶಾರ್ಪ್‌ಬ್ಲೂ ಎಂಬ ತಳಿಗಳುಂಟು. ಪೆರು ದೇಶದವರು ಕರಾವಳಿಯ ಮರಳುಗಾಡಿನಲ್ಲೇ ಹನಿ ನೀರಾವರಿ ಇಟ್ಟು ಬೆಳೆದು ಜಗತ್ತಿಗೆಲ್ಲ ಮಾರುತ್ತಿದ್ದಾರೆ. ನಮ್ಮ ಕುಂಡದಲ್ಲೂ ಹಣ್ಣು ಬಿಟ್ಟೀತು, ಸುಳ್ಳಲ್ಲ. ಒಂದೇ ತಳಿಯಾದರೆ ಕಾಯಿ ಚೆನ್ನಾಗಿ ಕಚ್ಚುವುದಿಲ್ಲವೆಂದು ಜೊತೆಗೆ ಇನ್ನೊಂದನ್ನೂ ತರಿಸಿದ್ದೇವೆ. ಒಂದು ಹುದ್ದೆಗೆ ಇಬ್ಬರ ನೇಮಕವಾದದ್ದು ಹೀಗೆ, ಆಕ್ಷೇಪ ಎತ್ತಬೇಡಿ.

ಮೂರನೆಯದು ಪೂರ್ವಾಪರ. ಬ್ಲೂಬೆರಿಯವರು ಹುಟ್ಟಾ ಶ್ರೀಮಂತರೆಂದು ತಾವು ತಿಳಿದಿದ್ದರೆ ತಪ್ಪು. ನೂರಿಪ್ಪತ್ತು ವರ್ಷದ ಹಿಂದೆ ಅವರೂ ನ್ಯೂಜೆರ್ಸಿಯ ಪೈನ್ ಕಾಡಿನ ಕುರುಚಲೇ. ಬೇಸಾಯಕ್ಕೆ ಒದಗದ ಮರಳು ನೆಲ, ಊರಿನವರು ಹೊಟ್ಟೆಪಾಡಿಗೆ ಆಯ್ದು ತಂದು ಮಾರುತ್ತಿದ್ದ ಕಾಡುಹಣ್ಣು. ಈ ಗಿಡಕ್ಕೆ ಹುಳಿ ಮಣ್ಣೇ ಬೇಕೆಂದು ಫ್ರೆಡೆರಿಕ್ ಕೋವಿಲ್ ಎಂಬ ಸರ್ಕಾರಿ ಸಸ್ಯವಿಜ್ಞಾನಿ 1910ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಎಲಿಜಬೆತ್ ವೈಟ್, ಕ್ರ್ಯಾನ್‌ಬೆರಿ ಬೆಳೆಯುವ ಮನೆತನದ ಹೆಣ್ಣುಮಗಳು, ತಮ್ಮ ಜಮೀನು ಕೊಟ್ಟು ಜೊತೆಗೂಡಿದರು. ಕಾಡಿನಲ್ಲಿ ಹಣ್ಣು ಆಯುವವರ ಕೈಗೆ ಅವರು ತೂತು ಕೊರೆದ ಲೋಹದ ಪಟ್ಟಿ ಕೊಟ್ಟರು. ತೂತಿನ ಅಗಲ ಸುಮಾರು 16 ಮಿಲಿಮೀಟರ್. ಅದರಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ದುಡ್ಡು, ಗಿಡಕ್ಕೆ ಅವರದೇ ಹೆಸರು. ರೂಬ್ ಲೀಕ್ ಎಂಬಾತ ತೋರಿಸಿದ ಗಿಡ ರೂಬೆಲ್ ಎಂಬ ತಳಿಯಾಯಿತು. 1916ರಲ್ಲಿ ಮೊದಲ ಫಸಲು ಪೇಟೆ ಕಂಡಿತು.

ತಮ್ಮ ಕಡತದಲ್ಲಿ ಇಂಥ ಶಿಫಾರಸೇನೂ ಇಲ್ಲವೆಂದಲ್ಲ. ಪಂತನಗರದ ಕೃಷಿ ವಿಶ್ವವಿದ್ಯಾಲಯದವರು ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಎಂಬ ತಳಿಗಳನ್ನೂ, ದಾಪೋಲಿಯವರು ಕೊಂಕಣ್ ಬೋಲ್ಡ್ ಎಂಬುದನ್ನೂ ಆರಿಸಿ ಕೊಟ್ಟಿದ್ದಾರೆ. ಆದರೆ ನಮಗೆ ಸಸಿ ಒದಗಿಸುವ ನರ್ಸರಿಯಲ್ಲಿ ಈ ಹೆಸರುಗಳನ್ನು ಓದಿ ಹೇಳಿದಾಗ, “ಯಾವ ಪಿಚ್ಚರ್ ಸಾರ್?” ಎಂದು ಕೇಳಿದರು. ನಮ್ಮ ಗುಡ್ಡಕ್ಕೆ ತೂತಿನ ಪಟ್ಟಿ ಹಿಡಿದು ಹೋದವರಿಲ್ಲ. ಹೋದವರೆಲ್ಲ ಪಂಚೆಯ ಮಡಿಲಲ್ಲಿ ಹಣ್ಣು ತುಂಬಿಕೊಂಡು ಬಂದರು, ಅಷ್ಟೆ. ಇದು ನಮ್ಮ ತಪ್ಪಾದರೂ ಶಿಕ್ಷೆ ತಮಗೇ ಆಗಬೇಕಾದದ್ದು ಆಡಳಿತದ ಕ್ರಮ.

ನಾಲ್ಕನೆಯದು ನಡತೆ. ಬ್ಲೂಬೆರಿಯವರು 125 ಗ್ರಾಮಿನ ಪಾರದರ್ಶಕ ಡಬ್ಬಿಯಲ್ಲಿ ಕುಳಿತು ಸಾಗರ ದಾಟಿ ಬಂದರೂ ಮುಖ ಬಾಡುವುದಿಲ್ಲ. ಆ ನೀಲಿಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ: ಮೇಲಿನ ಮೇಣ ಅಳಿಸಿಹೋಗಿ ಕೆಳಗಿನ ಕಪ್ಪುಗೆಂಪು ಸಿಪ್ಪೆ ಕಾಣುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2024ರಲ್ಲಿ ಹೇಳಿದ್ದೂ ಅದನ್ನೇ. ನೀಲಿ ಎಂಬುದು ಹಣ್ಣಿನ ರಸದಲ್ಲಿಲ್ಲ, ಮೇಣದ ಕಣಗಳು ಬೆಳಕನ್ನು ಚದುರಿಸುವ ಬಗೆಯಲ್ಲಿದೆ. ಮೇಲ್ಮೈಯಲ್ಲೇ ಇಷ್ಟೊಂದು ಸಾಧಿಸಿದವರನ್ನು ಸಮಿತಿ ಗೌರವಿಸದೆ ಇರುವುದುಂಟೆ?

ತಾವು ತದ್ವಿರುದ್ಧ. ಕಣಗಿಲೆ, ನಿತ್ಯಪುಷ್ಪಗಳ ಕುಟುಂಬದವರಾದ್ದರಿಂದ ಎಲ್ಲಿ ಗೀರಿದರೂ ಹಾಲು. ಕಾಯಿ ಕಿತ್ತರೆ ತೊಟ್ಟಿನ ತುದಿಯಲ್ಲಿ ಬಿಳಿ ಹನಿ ಮೂಡುತ್ತದೆ. ಸರಿಯಾಗಿ ಹಣ್ಣಾಗದ್ದನ್ನು ಬಾಯಿಗೆ ಹಾಕಿದರೆ ತುಟಿಗೆ ತುಟಿ ಅಂಟುತ್ತದೆ. ಮುಳ್ಳಾದರೂ ನೆಟ್ಟಗಿದೆಯೇ? ತುದಿ ಕವಲೊಡೆದು, ತಪ್ಪಿಸಿಕೊಂಡು ಹೋದವನನ್ನು ಇನ್ನೊಂದು ಕಡೆಯಿಂದ ಹಿಡಿಯುವಂಥದ್ದು. ಮಲ್ಲಿಗೆಯಂಥ ಬಿಳಿ ಹೂವು, ಅದರ ಪರಿಮಳ, ಗೊಂಚಲು ಗೊಂಚಲಾಗಿ ಕೆಂಪಾಗಿ ಕಪ್ಪಾಗುವ ಹಣ್ಣು, ಇವನ್ನು ಅಜ್ಜಿ ವಾದಕ್ಕೆ ಮುಂದಿಟ್ಟರು. ಕೊಂಕಣದ ಕಡೆ ಮಕ್ಕಳು ಹಣ್ಣನ್ನು ಕಚ್ಚಿ, ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಹೇಂಟೆ ಎಂದು ಆಡುತ್ತಾರೆಂಬ ಸಾಕ್ಷ್ಯವೂ ಬಂತು. ಆದರೆ ಮಾಗಿದ ತಮ್ಮನ್ನು ಡಬ್ಬಿಗೆ ತುಂಬಿದರೆ ಎರಡು ದಿನಕ್ಕೆ ರಸ ಸೋರುತ್ತದೆ. ಮೇ ತಿಂಗಳಲ್ಲಿ ಬುಟ್ಟಿಯಿಂದ ಗ್ಲಾಸಿನಲ್ಲಿ ಅಳೆದು ಮಾರುವ ಹೆಂಗಸರ ಜೊತೆಗಷ್ಟೇ ತಮಗೆ ಹೊಂದಿಕೆ. ಸೂಪರ್‌ಮಾರ್ಕೆಟ್ಟಿನ ಅನುಭವ ಶೂನ್ಯ.

ಕೊನೆಯದಾಗಿ, ಗಂಭೀರವಾದ ಒಂದು ಆರೋಪ. ಬೇಕರಿಯ ಕೇಕಿನ ನೆತ್ತಿಯ ಮೇಲೂ, ಬೀಡಾಕ್ಕೆ ಚುಚ್ಚಿದ ಕಡ್ಡಿಯ ತುದಿಯಲ್ಲೂ ಕೆಂಪಗೆ ಹೊಳೆಯುವ ಚೆರಿ ಬಹುಮಟ್ಟಿಗೆ ತಾವೇ ಎಂದು ತಿಳಿದುಬಂದಿದೆ. ಬೀಜ ತೆಗೆಸಿಕೊಂಡು, ಉಪ್ಪುನೀರಿನಲ್ಲಿ ನೆಂದು, ಸಕ್ಕರೆ ಪಾಕದಲ್ಲಿ ಮುಳುಗಿ, ಬಣ್ಣ ಬಳಿಸಿಕೊಂಡು ಪರರ ಹೆಸರಿನಲ್ಲಿ ಇಷ್ಟು ವರ್ಷ ಸೇವೆ ಸಲ್ಲಿಸಿದ್ದೀರಿ. ಒಮ್ಮೆಯೂ ಬಡ್ತಿ ಕೇಳಿಲ್ಲ. ಕೇಳದವರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನೀರು ಕೇಳಿದವರಿಗೆ ಡ್ರಮ್ಮು, ಹುಳಿ ಕೇಳಿದವರಿಗೆ ನಿಂಬೆ ಉಪ್ಪು, ನೆರಳು ಕೇಳಿದವರಿಗೆ ಹಸಿರು ಪರದೆ. ಏನೂ ಕೇಳದ ತಮಗೆ ಈ ಪತ್ರ.

ಹಾಗೆಂದು ತಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಹಿಂಬದಿಯ ಕಾಂಪೌಂಡು ಕುಸಿದ ಜಾಗದಿಂದ ಬೀದಿಯ ದನಗಳು ನುಗ್ಗಿ ಬ್ಲೂಬೆರಿಯವರ ಎಲೆಗೆ ಬಾಯಿ ಹಾಕುತ್ತಿವೆ. ಮುಳ್ಳುತಂತಿಗೆ ಕೇಳಿದ ದರ ಸಮಿತಿಗೆ ಭರಿಸಲಾಗದು. ಗಂಧಕಕ್ಕೇ ಹಣ ಮುಗಿದಿದೆ. ಆದ್ದರಿಂದ ಸದರಿ ಸ್ಥಳದಲ್ಲಿ ಕಾವಲಿನ ಕೆಲಸಕ್ಕೆ ತಮ್ಮನ್ನು ಗುತ್ತಿಗೆ ಆಧಾರದ ಮೇಲೆ ತೆಗೆದುಕೊಳ್ಳಲು ತೀರ್ಮಾನಿಸಲಾಗಿದೆ. ಕುಂಡ, ಗೊಬ್ಬರ, ನಾಮಫಲಕ ಕೊಡಲಾಗುವುದಿಲ್ಲ. ಮಿಡಿ ಬಿಟ್ಟಾಗ ಅಜ್ಜಿಯನ್ನು ತಡೆಯತಕ್ಕದ್ದಲ್ಲ. ಮುಂಗಾರಿಗೆ ಮೊದಲೇ ಬಂದು ಸೇರಿಕೊಳ್ಳತಕ್ಕದ್ದು.

ಬ್ಲೂಬೆರಿಯವರು ಮೊದಲ ಹಣ್ಣು ಬಿಟ್ಟ ದಿನ ಸಮಿತಿ ಒಂದು ಚಿಕ್ಕ ಸಮಾರಂಭ ಇಟ್ಟುಕೊಂಡಿದೆ. ಹಣ್ಣು ಎಲ್ಲರಿಗೂ ಸಾಲುವ ಭರವಸೆ ಇಲ್ಲದ್ದರಿಂದ ಕೇಕ್ ತರಿಸಲಾಗುವುದು. ತಾವು ಎಂದಿನಂತೆ ಚೆರಿಯ ಹೆಸರಿನಲ್ಲಿ ಅದರ ಮೇಲೆ ಹಾಜರಿರಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಉದ್ಯಾನ ಸಮಿತಿ