ಹಿಮದಡಿ ಹೂತುಹೋದವರನ್ನು ಎಬ್ಬಿಸುವ ಕೈಪಿಡಿ: ಗುಜರಾತ್ ಆವೃತ್ತಿ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿ, ಬಿಸಿಲು ತಾಳದೆ ಮನಾಲಿಗೆ ಟಿಕೆಟ್ ಮಾಡಿಸಿರುವ ಕನ್ನಡಿಗರಿಗಾಗಿ ಈ ಕೈಪಿಡಿ. ಸೆಕೆಯ ಬಗ್ಗೆ ನಿಮಗೆ ಹೇಳಿಕೊಡಬೇಕಾದ್ದೇನಿಲ್ಲ. ಬಿಸಿಗಾಳಿಗೆಂದೇ 2013ರಲ್ಲಿ ಕ್ರಿಯಾಯೋಜನೆ ಮಾಡಿಕೊಂಡ ಊರು ಅಹಮದಾಬಾದ್. ಹಿಮದ ವಿಷಯಕ್ಕೆ ಮಾತ್ರ ಯುರೋಪಿನ ಹಿರಿಯರನ್ನೇ ಕೇಳಬೇಕು.

ಮೊದಲು, ಹಿಮದಿಂದ ಎಳೆದು ತೆಗೆದವನ ಮೈಗೆ ಇನ್ನಷ್ಟು ಹಿಮ ಹಚ್ಚಿ ತಿಕ್ಕಿರಿ. ನಗಬೇಡಿ. ಮರಗಟ್ಟಿದ ಕೈಕಾಲುಗಳಿಗೆ ನೆಪೋಲಿಯನ್ನನ ಸೇನಾವೈದ್ಯ ಲಾರೆ ಹೇಳಿದ ಮದ್ದೇ ಇದು. ಬೆಂಕಿ ಕಾಯಿಸಿಕೊಂಡ ಸೈನಿಕರ ಬೆರಳು ಕೊಳೆತದ್ದನ್ನು ಅವನು ಕಂಡಿದ್ದ. ಮುಂದಿನ ನೂರು ವರ್ಷ ವೈದ್ಯರು ಆ ಮಾತು ಬಿಡಲಿಲ್ಲ.

ಏಳಲಿಲ್ಲವೇ? ತಂಬಾಕಿನ ಹೊಗೆ ಊದಿ. ಬಾಯಿಗಲ್ಲ, ಗುದದ್ವಾರಕ್ಕೆ, ತಿದಿ ಹಿಡಿದು. ಲಂಡನ್ನಿನಲ್ಲಿ 1774ರಲ್ಲಿ ಹುಟ್ಟಿದ ಹ್ಯೂಮೇನ್ ಸೊಸೈಟಿ ನೀರಿನಲ್ಲಿ ಮುಳುಗಿದವರಿಗೆ ಈ ಉಪಚಾರ ಹೇಳಿತ್ತು. ಮಾವಾ ಜಗಿಯುವ ನಾಡಿನಲ್ಲಿ ತಂಬಾಕಿಗೆ ಬರವೇ? ಬಾಯಿಗೆ ಬಾಯಿಟ್ಟು ಉಸಿರೂದುವುದೂ ಆ ಕಾಲದವರಿಗೆ ಗೊತ್ತಿತ್ತು. ಆದರೆ ಸರಿಯಾದದ್ದನ್ನೇ ಮೂಲೆಗೆ ತಳ್ಳಿದರು. 1950ರ ದಶಕದ ಕೊನೆಗೆ ವೈದ್ಯ ಪೀಟರ್ ಸಫಾರ್ ಬಂದು ಅದನ್ನು ಮತ್ತೆ ಎತ್ತಿಹಿಡಿಯಬೇಕಾಯಿತು.

ಸೇಂಟ್ ಬರ್ನಾರ್ಡ್ ನಾಯಿಯ ಕೊರಳಿನ ಪೀಪಾಯಿಯಿಂದ ಬ್ರಾಂದಿ ಕುಡಿಸುವ ಹಂತವನ್ನು ಈ ಆವೃತ್ತಿಯಲ್ಲಿ ಕೈಬಿಡಲಾಗಿದೆ. ಗುಜರಾತಿನಲ್ಲಿ ಪಾನನಿಷೇಧವಿದೆ, ನಾಯಿಗೂ ಪರ್ಮಿಟ್ ಬೇಕಾದೀತು. ಆ ಪೀಪಾಯಿ ಜನರ ಮನಸ್ಸಿಗೆ ಹತ್ತಿದ್ದೂ 1820ರಲ್ಲಿ ಚಿತ್ರಕಾರ ಲ್ಯಾಂಡ್‌ಸೀರ್ ಬರೆದ ಚಿತ್ರದಿಂದ. ಮದ್ಯವು ಚರ್ಮದ ರಕ್ತನಾಳ ಹಿಗ್ಗಿಸಿ, ಉಳಿದ ಬಿಸಿಯನ್ನೂ ಹೊರಹಾಕುತ್ತದೆ. ಈ ಒಂದು ವಿಷಯದಲ್ಲಿ ಅಬಕಾರಿಯವರೇ ವೈದ್ಯರಿಗಿಂತ ಮೇಲು.

ನಿಜವಾಗಿ ಏನು ಮಾಡಬೇಕೆಂದು ತಿಳಿಯಲು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯಲ್ಲಿ, ಹತ್ತು ಯೋಧರ ಮೇಲೆ ಹಿಮ ಕುಸಿಯಿತು. 8ರಂದು ನಾಯಿಗಳು ಮೂಸಿ ತೋರಿಸಿದಲ್ಲಿ ಅಗೆದಾಗ ಅವರೊಬ್ಬರಿಗೇ ಜೀವವಿತ್ತು. ಯಾರೂ ಹಿಮ ತಿಕ್ಕಲಿಲ್ಲ. ಬೆಚ್ಚಗಿನ ದ್ರವವನ್ನು ನಾಳಕ್ಕೆ ಹರಿಸಿ, ಬೆಚ್ಚಗಿನ ತೇವದ ಆಮ್ಲಜನಕ ಕೊಟ್ಟು, ಮೈಯನ್ನು ಮೆಲ್ಲಗೆ ಕಾವಿಗೆ ತಂದರು. ಮೂತ್ರಪಿಂಡ, ಯಕೃತ್ತು ಅಷ್ಟರಲ್ಲಿ ಸೋತಿದ್ದವು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಹಿಮದಡಿ ಆರು ದಿನ ಉಳಿಯುವುದು ಅಪರೂಪದಲ್ಲಿ ಅಪರೂಪ. 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷ ದಾಟಿದರೆ ಮೂವರು. ಅಷ್ಟರೊಳಗೆ ಕೈಗೆ ಸಿಗುವುದು ಜೊತೆಯಲ್ಲಿದ್ದವರೇ. ಆದ್ದರಿಂದ ಥೇಪ್ಲಾ ಡಬ್ಬಿ ಕಟ್ಟುವ ಮೊದಲು ಮನೆಯವರೆಲ್ಲ ಉಸಿರು ಕೊಡುವುದನ್ನು, ಎದೆ ಒತ್ತುವುದನ್ನು ಕಲಿತುಕೊಳ್ಳಿ.